ಕೊರೆಯಂತ್ರದ ಸಹಾಯಕ

ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಸೀಮೆಯಲ್ಲಿ ವಜ್ರಮುಖದ ಕೊರೆಯಂತ್ರವು ನೆಲದಾಳದಿಂದ ಶಿಲಾದಂಡಗಳನ್ನು ಮೇಲೆತ್ತುವುದನ್ನು ಕಂಡವರು ಯಂತ್ರವನ್ನೂ ಅದರ ಚಾಲಕನನ್ನೂ ಹೊಗಳುವರು. ನನ್ನ ಮನಸ್ಸಾದರೋ ಕೆಸರುನೀರಿನಲ್ಲಿ ತೊಯ್ದು ನಿಂತ ಸಹಾಯಕನ ಕೈಗಳ ಕಡೆಗೇ ಹರಿಯಿತು.

ತಂತಿಹಗ್ಗವು ಶಿಲಾದಂಡ ತುಂಬಿದ ಒಳಕೊಳವೆಯನ್ನು ಮೇಲಕ್ಕೆ ತಂದೊಡನೆ ಅವನು ಅದನ್ನು ಓರೆಯಾಗಿ ಹಿಡಿದು, ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ, ಒಳಗಿನ ಕಲ್ಲು ತಲೆಕೆಳಗಾಗದಂತೆ, ಭೂಗರ್ಭದಲ್ಲಿದ್ದ ಕ್ರಮದಲ್ಲಿಯೇ ಜಾರಿಸಿಕೊಳ್ಳುವನು. ಬಹುವಾಗಿ ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ಈ ದಂಡದ ವ್ಯಾಸ 47.6 ಮಿಲಿಮೀಟರು. ಮುರಿದ ಮೊನೆಗಳನ್ನು ಒಂದಕ್ಕೊಂದು ಕೂಡಿಸಿ, ಪುಸ್ತಕದ ಸಾಲುಗಳಂತೆ ಎಡದಿಂದ ಬಲಕ್ಕೆ ಪೆಟ್ಟಿಗೆಯಲ್ಲಿ ಜೋಡಿಸಿ, ಪ್ರತಿ ಸರತಿಯ ಕೊನೆಗೆ ಆಳವನ್ನು ಬರೆದ ಮರದ ತುಂಡನ್ನು ಇಡುವನು. ಪೆಟ್ಟಿಗೆಗೆ ಹಿಡಿಸಲೆಂದು ತಾನೇ ಒಡೆದ ಕಡೆಯಲ್ಲಿ ತಪ್ಪದೆ ಗುರುತು ಹಾಕುವ ಅವನ ಪ್ರಾಮಾಣಿಕತೆಯನ್ನು ನಾನು ಬಹಳವಾಗಿ ಮೆಚ್ಚಿದೆನು. ಆ ಗುರುತಿಲ್ಲದಿದ್ದರೆ ಭೂವಿಜ್ಞಾನಿಯು ಆ ಒಡಕನ್ನು ಬಂಡೆಯ ಸಹಜವಾದ ಬಿರುಕೆಂದೇ ಎಣಿಸಿಯಾನು.

ಇನ್ನು ಅವನ ಕಣ್ಣು, ಕಿವಿ! ಪಂಪಿನಿಂದ ರಂಧ್ರಕ್ಕಿಳಿದು ಮರಳಿ ಬರುವ ನೀರು ಹಸುರುಗಪ್ಪನ್ನು ಬಿಟ್ಟು ಬೆಳ್ಳಗಾದೊಡನೆ ಬೆಣಚುಗಲ್ಲಿನ ಎಳೆ ತಗುಲಿತೆಂದು ಅವನು ಬಲ್ಲನು. ನೀರು ಕಟ್ಟಿದರೆ ಕಾವು ಏರಿ ವಜ್ರಮುಖವು ಸುಟ್ಟುಹೋಗುವುದಾದ್ದರಿಂದ, ಪಂಪಿನ ಸದ್ದು ಕಿಂಚಿತ್ ವ್ಯತ್ಯಾಸಗೊಂಡರೂ ಥಟ್ಟನೆ ತಿರುಗುವನು.

250 ಕೋಟಿ ವರ್ಷಗಳಿಗೂ ಹಿಂದಿನ ಆ ಶಿಲೆಯ ಮೇಲೆ ಮೊದಲು ಬಿಸಿಲು ಬೀಳುವುದು ಅವನ ಅಂಗೈಯಲ್ಲಿ. ಪ್ರಯೋಗಶಾಲೆಯ ಪರೀಕ್ಷೆಯೂ ಅದುರಿನ ಲೆಕ್ಕವೂ ಗಣಿಯ ನಕ್ಷೆಯೂ ಮರದ ತುಂಡಿನ ಮೇಲೆ ಬರೆದ ಅಂಕಿಯನ್ನೇ ನಂಬಿ ನಡೆಯುವುವು. ಆದುದರಿಂದ ಅನ್ವೇಷಣೆಯ ವರದಿಗಳಲ್ಲಿ ವಿಜ್ಞಾನಿಗಳ ಹೆಸರಿನೊಡನೆ ಈ ಸಹಾಯಕರ ಹೆಸರನ್ನೂ ಅಚ್ಚು ಮಾಡತಕ್ಕದ್ದು.