ನಗೆಯ ಗದ್ದಲದಲ್ಲಿ ತಪ್ಪಿಸಿಕೊಂಡ ಅಶೋಕ

2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’ ಚಿತ್ರದ ಗೆಲುವನ್ನು ಗಳಿಕೆಯ ಲೆಕ್ಕದಲ್ಲಿ ಹೇಳಿ ಮುಗಿಸಿದವರೇ ಹೆಚ್ಚು. ದೊಡ್ಡ ತಾರೆಯರನ್ನು ನೆಚ್ಚಿಕೊಳ್ಳದ, ಜೆ.ಪಿ. ತುಮಿನಾಡ್ ಮೊದಲ ಬಾರಿಗೆ ನಿರ್ದೇಶಿಸಿದ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರಾಗಿದ್ದ ಈ ಪುಟ್ಟ ಚಿತ್ರ ಬಾಯಿಂದ ಬಾಯಿಗೆ ಹಬ್ಬಿದ ಮಾತಿನಿಂದಲೇ ಗೆದ್ದಿತು. ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಪೇಯ್ಡ್ ಪ್ರೀಮಿಯರ್ ನಡೆದಿತ್ತು. ಬೆಂಗಳೂರಿನಲ್ಲಿ ಪ್ರದರ್ಶನಗಳ ಸಂಖ್ಯೆ ದಿನದಿಂದ ದಿನಕ್ಕೆ ಏರಿತು, ಕೆಲವೇ ವಾರಗಳಲ್ಲಿ ಚಿತ್ರ ಮಲಯಾಳಕ್ಕೂ ತೆಲುಗಿಗೂ ಹೋಯಿತು. ಆದರೆ ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ: ಪ್ರೇಕ್ಷಕರು ನಕ್ಕಿದ್ದು ಯಾವುದಕ್ಕೆ? ನಂದಾ, ಪುಟ್ಟಣ್ಣ ಚಿತ್ರಮಂದಿರಗಳನ್ನು ಕಳೆದುಕೊಂಡು ಮಾಲ್‌ಗಳ ಸಣ್ಣ ಸಣ್ಣ ಪರದೆಗಳಿಗೆ ಹಂಚಿಹೋಗಿರುವ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯ ಪ್ರೇಕ್ಷಕರಿಗೆ ಒಂದೇ ಸೂರಿನಡಿ ಬಿದ್ದು ಬಿದ್ದು ನಗುವ ಅವಕಾಶ ಅಪರೂಪ. ಆ ನಗು ಈ ಚಿತ್ರದ ದೊಡ್ಡ ಸಾಧನೆ. ಅದರ ದೊಡ್ಡ ದೋಷವನ್ನು ಮುಚ್ಚಿಹಾಕಿದ್ದೂ ಅದೇ ನಗು.

ಕತೆ ಸರಳ. ಕರಾವಳಿಯ ಹಳ್ಳಿಯೊಂದರ ಪಡ್ಡೆ ಹುಡುಗ ಅಶೋಕ, ತನಗೆ ಮನಸ್ಸಾದ ಹುಡುಗಿಯ ಬಚ್ಚಲಿಗೆ ಇಣುಕಲು ಹೋಗಿ ಸಿಕ್ಕಿಬೀಳುತ್ತಾನೆ. ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನಂತೆ ಆಡುತ್ತಾನೆ. ಅಲ್ಲಿಂದ ಮುಂದೆ ಅವನು ಹೆಚ್ಚೇನೂ ಮಾಡಬೇಕಿಲ್ಲ, ಊರೇ ಮಾಡುತ್ತದೆ. ದೆವ್ವಕ್ಕೆ ಸೋಮೇಶ್ವರದ ಸುಲೋಚನಾ ಎಂಬ ಹೆಸರೂ ವಿಳಾಸವೂ ಸಿಗುತ್ತವೆ. ಒಬ್ಬ ಕಂಡೆ ಎನ್ನುತ್ತಾನೆ, ಇನ್ನೊಬ್ಬ ಕೇಳಿದೆ ಎನ್ನುತ್ತಾನೆ, ಮೂರನೆಯವನಿಗೆ ಸಾಕ್ಷಿಯೇ ಬೇಕಿಲ್ಲ. ಶನೀಲ್ ಗೌತಮ್ ಮಾಡಿರುವ ರವಿಯಣ್ಣನ ಪಾತ್ರವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಕಟ್ಟುಮಸ್ತಾದ ಆಳು, ಊರೆಲ್ಲ ಮರ್ಯಾದೆ ಕೊಡುವ ಹಿರಿಯ. ಅವನ ಮುಖದಲ್ಲಿ ಗತ್ತು ಇದ್ದಂತೆಯೇ ಇರುತ್ತದೆ, ಕಣ್ಣು ಮಾತ್ರ ಅಳುಕುತ್ತದೆ. ರವಿಯಣ್ಣನೇ ನಂಬಿದ ಮೇಲೆ ನಾವು ಯಾವ ಲೆಕ್ಕ ಎಂದು ಊರು ಶರಣಾಗುತ್ತದೆ. ಸಭಾಂಗಣ ಸಿಡಿದು ನಗುವುದು ದೆವ್ವಕ್ಕಲ್ಲ, ಈ ಶರಣಾಗತಿಗೆ. ದೆವ್ವವೆಂಬುದು ಗುಂಪು ಸೇರಿ ಕಟ್ಟುವ ಕಟ್ಟಡ ಎಂಬುದನ್ನು ಒಂದೇ ಒಂದು ಉಪದೇಶದ ಮಾತಿಲ್ಲದೆ ತೋರಿಸಿದ್ದೇ ಚಿತ್ರದ ಮೊದಲರ್ಧದ ಜಾಣತನ.

ಇದಕ್ಕೆ ಮೊದಲ ಆಕ್ಷೇಪ: ಬೆಂಗಳೂರಿನವರು ನಕ್ಕಿದ್ದು ಮಂಗಳೂರು ಕನ್ನಡಕ್ಕೆ, ಹಳ್ಳಿಯವರ ಮೌಢ್ಯಕ್ಕೆ; ಅದು ಮೇಲೆ ನಿಂತು ಕೆಳಗೆ ನೋಡುವವರ ನಗು. ಹಳೆಯ ಚಿತ್ರಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಹೋಟೆಲಿನ ಭಟ್ಟರನ್ನು ಮೂಲೆಗೆ ನಿಲ್ಲಿಸಿ, ಅವರ ಗ್ರಾಂಥಿಕ ಮಾತನ್ನೇ ಹಾಸ್ಯ ಮಾಡಿಕೊಂಡ ಚಿತ್ರಗಳು ಎಷ್ಟೋ ಇವೆ. ಇಲ್ಲಿ ಹಾಗಾಗಿಲ್ಲ. ತೆರೆಯ ಮೇಲಿರುವ ಎಲ್ಲರೂ ಅದೇ ಧಾಟಿಯಲ್ಲಿ ಮಾತಾಡುವಾಗ ಧಾಟಿಯೊಂದೇ ನಗೆಗೆ ಕಾರಣವಾಗಲು ಸಾಧ್ಯವಿಲ್ಲ. ಅದೂ ಅಲ್ಲದೆ, ದರ್ಶಿನಿಗಳ ಕೌಂಟರಿನಲ್ಲಿ ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಜಯನಗರಕ್ಕೆ ಕರಾವಳಿಯ ಕನ್ನಡ ಹೊಸತಲ್ಲ. ಇನ್ನು ಮೌಢ್ಯದ ಮಾತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೇ ಮನೆಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡ ಕಾಲವಿತ್ತು. ರಾತ್ರಿ ಬಂದು ಬಾಗಿಲು ತಟ್ಟುವ ಹೆಣ್ಣು ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆ ಎಂಬ ನಂಬಿಕೆ. ಆ ಕತೆಯನ್ನೇ 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಮಧ್ಯಪ್ರದೇಶದ ಚಂದೇರಿಗೆ ಒಯ್ದು ನಗಿಸಿತು. ದೆವ್ವಕ್ಕೆ ಅಕ್ಷರ ಬರುತ್ತದೆಂದು ನಂಬಿದ ನಗರ, ಹಳ್ಳಿಯನ್ನು ನೋಡಿ ನಗುವಾಗ ತನ್ನನ್ನೇ ನೋಡಿ ನಗುತ್ತಿರುತ್ತದೆ. ಚಿತ್ರ ಬೆಂಗಳೂರಿನಲ್ಲಿ ಇಷ್ಟು ಓಡಿದ್ದಕ್ಕೆ ಗುರುತು ಹಿಡಿದ ಈ ನಗುವೇ ಕಾರಣ.

ಎರಡನೆಯ ಆಕ್ಷೇಪ ಇನ್ನೂ ಸಲೀಸು: ಎಲ್ಲರೂ ನಗುತ್ತಾರೆಂದು ಎಲ್ಲರೂ ನಕ್ಕರು, ಇದು ಬರೀ ಹೈಪ್. ರೀಲ್ಸ್‌ಗಳಲ್ಲಿ ಚಿತ್ರದ ‘ಬಾವ’ನ ಪಾತ್ರ ಹರಿದಾಡಿದ ಮೇಲೆ ಅವನು ತೆರೆಗೆ ಬರುವ ಮುಂಚೆಯೇ ಶಿಳ್ಳೆ ಹೊಡೆಯಲು ಬಿ.ಟಿ.ಎಂ. ಲೇಔಟಿನ ಪಿ.ಜಿ. ಹುಡುಗರು ತಯಾರಾಗಿದ್ದರೆ ಅಚ್ಚರಿಯಿಲ್ಲ. ಒಪ್ಪೋಣ, ನಗು ಅಂಟುರೋಗ. ಆದರೆ ಭಯವೂ ಅಂಟುರೋಗವೇ ಎಂಬುದಲ್ಲವೇ ಚಿತ್ರದ ಕತೆ? ತೆರೆಯ ಮೇಲೆ ಒಬ್ಬನಿಂದ ಒಬ್ಬನಿಗೆ ಭಯ ದಾಟುತ್ತದೆ, ತೆರೆಯ ಮುಂದೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಗು. ಮನೆಯಲ್ಲಿ ಒಬ್ಬರೇ ಕೂತು ಫೋನಿನಲ್ಲಿ ನೋಡಿದವರಿಗೆ ಚಿತ್ರ ಸಪ್ಪೆ ಎನ್ನಿಸಿದರೆ ಅದು ಚಿತ್ರದ ಮೋಸವಲ್ಲ. ಬಯಲಾಟವನ್ನು ಅಂಗಳದಲ್ಲಿ ಜನರ ನಡುವೆ ಕೂತು ನೋಡುವಂತೆ, ಇದನ್ನೂ ಗುಂಪಿನಲ್ಲಿ ಕೂತೇ ನೋಡಬೇಕು.

ತಕರಾರು ಹುಟ್ಟುವುದು ಈ ಗುಂಪಿನ ನಗುವಿನಿಂದಲೇ. ದ್ವಿತೀಯಾರ್ಧದಲ್ಲಿ ಸುಲೋಚನಾಳ ಮಗಳು ಭಾನು ಬರುತ್ತಾಳೆ. ಅವಳನ್ನು ಕಾಡುತ್ತಿರುವುದು ದೆವ್ವವಲ್ಲ, ಜೀವಂತ ಗಂಡಸು. ಸಂಧ್ಯಾ ಅರಕೆರೆ ಆ ಪಾತ್ರವನ್ನು ಅಬ್ಬರವಿಲ್ಲದೆ ಹಿಡಿದಿದ್ದಾರೆ, ಸಭಾಂಗಣದ ನಗುವೂ ಇಳಿಯುತ್ತದೆ. ಸುಳ್ಳು ದೆವ್ವವೇ ಅವಳ ನೆರವಿಗೆ ನಿಲ್ಲುವುದು ಚಂದದ ತಿರುವು. ಕೆಲವರು ಈ ಭಾಗ ಉಪದೇಶವಾಯಿತು, ವೇಗ ತಗ್ಗಿತು ಎಂದರು. ನಿಜವಾದ ಕೊರತೆ ವೇಗದ್ದಲ್ಲ, ನ್ಯಾಯದ್ದು. ಒಬ್ಬ ಹೆಣ್ಣಿನ ಮೇಲಿನ ಕಿರುಕುಳದ ವಿರುದ್ಧ ಊರನ್ನೇ ಎಬ್ಬಿಸಿ ನಿಲ್ಲಿಸುವ ಚಿತ್ರ, ಇನ್ನೊಬ್ಬಳ ಬಚ್ಚಲಿಗೆ ಇಣುಕಿದ್ದನ್ನು ಹುಡುಗಾಟವೆಂದು ಮನ್ನಿಸಿ ಮುಂದೆ ಹೋಗುತ್ತದೆ. ಒಳಗಿದ್ದ ಹುಡುಗಿಗೆ ಏನನ್ನಿಸಿತು ಎಂಬುದು ಕತೆಯ ಪ್ರಶ್ನೆಯಾಗುವುದೇ ಇಲ್ಲ. ಅಶೋಕ ಕೊನೆಗೆ ಭಾನುವಿಗೆ ನೆರವಾದನಲ್ಲ, ಅದೇ ಪ್ರಾಯಶ್ಚಿತ್ತ ಎಂದು ವಾದಿಸಬಹುದು. ಆದರೆ ಒಬ್ಬಳ ಸಾಲವನ್ನು ಇನ್ನೊಬ್ಬಳಿಗೆ ತೀರಿಸಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ನಗಲು ಬಂದವರಿಗೆ ಇಷ್ಟೆಲ್ಲ ತೂಕ ಯಾಕೆ ಎನ್ನುವವರಿಗೆ ಉತ್ತರ ಚಿತ್ರದಲ್ಲೇ ಇದೆ. ಬರೀ ನಗಿಸಿ ಮುಗಿಸಿದ್ದರೆ ಈ ತಕ್ಕಡಿ ಹಿಡಿಯಬೇಕಿರಲಿಲ್ಲ. ಭಾನುವನ್ನು ಕರೆತಂದು ತಕ್ಕಡಿ ತೂಗಿದ್ದು ಚಿತ್ರವೇ. ಎಲ್ಲರೂ ನಂಬಿದ್ದರಿಂದ ದೆವ್ವ ನಿಜವಾದಂತೆ, ಎಲ್ಲರೂ ನಕ್ಕಿದ್ದರಿಂದ ತಪ್ಪು ಹಗುರವಾಯಿತು. ‘ಸು ಫ್ರಮ್ ಸೋ’ ಇತ್ತೀಚಿನ ಕನ್ನಡದ ಉತ್ತಮ ಹಾಸ್ಯಚಿತ್ರಗಳಲ್ಲೊಂದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ದೆವ್ವವನ್ನು ಬಿಡಿಸಿದಷ್ಟು ಶ್ರದ್ಧೆಯಿಂದ ಅಶೋಕನನ್ನು ಹಿಡಿಯಲಿಲ್ಲ.