ವಾದ್ಯ ಯಾರದು, ವೇಷ ಯಾರದು?

ಹೊಟ್ಟೆಗಿಲ್ಲದವನು ಸುಳ್ಳು ಹೇಳಿದರೆ ವಂಚನೆ, ಉಳ್ಳವನು ಹೇಳಿದರೆ ವ್ಯಾಪಾರ. ಬಿಲ್ಲಿ ವೈಲ್ಡರ್ 1959ರಲ್ಲಿ ತೆರೆಗೆ ತಂದ ‘ಸಮ್ ಲೈಕ್ ಇಟ್ ಹಾಟ್’ ನೋಡಿ ನಾವು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದು ನಿಜ. ನಕ್ಕಾದ ಮೇಲೆ ಉಳಿದದ್ದು ಈ ಮಾತು.

1929ರ ಚಿಕಾಗೋ. ಹೆಂಡಕ್ಕೆ ನಿಷೇಧ. ಆದರೆ ಹೆಂಡ ಸಾಗುವುದು ಶವಪೆಟ್ಟಿಗೆಯೊಳಗೆ. ಕಳ್ಳ ಹೆಂಡದಂಗಡಿಯಲ್ಲಿ ಜೋ ಸ್ಯಾಕ್ಸೊಫೋನ್ ಊದುತ್ತಾನೆ, ಜೆರ್ರಿ ಆಳೆತ್ತರದ ಬೇಸ್ ಮೀಟುತ್ತಾನೆ. ಪೋಲೀಸರ ದಾಳಿಯಾಗಿ ಇದ್ದ ಕೆಲಸವೂ ಹೋಯ್ತು. ಹಿಮ ಬೀಳುವ ಫೆಬ್ರವರಿಯಲ್ಲಿ ಮೈಮೇಲಿನ ಕೋಟನ್ನೂ ಅಡವಿಟ್ಟು ನಾಯಿ ರೇಸಿನಲ್ಲಿ ಕಳೆದರು. ಹೆಂಗಸರ ಬ್ಯಾಂಡಿನಲ್ಲಿ ಮಾತ್ರ ಎರಡು ಕೆಲಸ ಖಾಲಿ. ಹೆಣ್ಣುಡುಗೆ ತೊಡುವ ಉಪಾಯ ಮೊದಲು ಹೇಳಿಕೊಟ್ಟದ್ದು ಹಸಿವು ಕಣ್ರೀ. ಕೊಲೆಗಡುಕರ ಗುಂಡಿನ ಭಯ ಆಮೇಲೆ ಬಂತು.

ಫ್ಲಾರಿಡಾದಲ್ಲಿ ಜೋ ಇನ್ನೊಂದು ವೇಷ ಹಾಕುತ್ತಾನೆ. ಮ್ಯಾನೇಜರನ ಬಟ್ಟೆ ಕದ್ದು, ಶೆಲ್ ಎಣ್ಣೆ ಕಂಪನಿಯ ಸಾಹುಕಾರನಂತೆ ನಟಿಸಿ, ಬೇರೊಬ್ಬ ಶ್ರೀಮಂತನ ಹಡಗಿನಲ್ಲಿ ಹಾಡುಗಾರ್ತಿ ಶುಗರ್‌ಳನ್ನು ಮರುಳು ಮಾಡುತ್ತಾನೆ. ಬಟ್ಟೆ ಬದಲಾದರೆ ಸಾಕು, ಲೋಕ ಸಲಾಂ ಹೊಡೆಯುತ್ತೆ. ಆದರೆ ಮೋಸ ಹೋದವಳು ಯಾರು? ಸ್ಯಾಕ್ಸೊಫೋನಿನವರಿಂದಲೇ ಮತ್ತೆ ಮತ್ತೆ ಪೆಟ್ಟು ತಿಂದ, ದುಡಿದು ತಿನ್ನುವ ಹೆಣ್ಣು. ಗೆಳತಿಯ ವೇಷದಲ್ಲಿ ಅವಳ ಗುಟ್ಟು ಕೇಳಿಕೊಂಡು, ಅದನ್ನೇ ಬಲೆ ಮಾಡಿದ. ತುಳಿತಕ್ಕೆ ಸಿಕ್ಕವನು ತನ್ನ ಪಕ್ಕದವಳನ್ನೇ ತುಳಿಯುವ ಈ ಸತ್ಯವನ್ನು ವೈಲ್ಡರ್ ಮುಚ್ಚಿಡುವುದಿಲ್ಲ. ಅದು ಈ ಸಿನಿಮಾದ ದೊಡ್ಡತನ.

ಇಷ್ಟೆಲ್ಲ ಕಂಡ ಸಿನಿಮಾ ಒಂದನ್ನು ಕಾಣಲಿಲ್ಲ. ಆ ಜಾಜ್ ಯಾರದು? ಕಪ್ಪು ಜನರದು. ಲೂಯಿ ಆರ್ಮ್‌ಸ್ಟ್ರಾಂಗ್ 1922ರಲ್ಲಿ ನ್ಯೂ ಆರ್ಲಿಯನ್ಸಿನಿಂದ ಬಂದು ನುಡಿಸಿದ್ದು ಇದೇ ಚಿಕಾಗೋದಲ್ಲಿ. ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ 1927ರಿಂದ ಡ್ಯೂಕ್ ಎಲಿಂಗ್‌ಟನ್ ನುಡಿಸುತ್ತಿದ್ದ. ಕೂತು ಕೇಳುವ ಕುರ್ಚಿ ಮಾತ್ರ ಬಿಳಿಯರಿಗೆ. ಹಲಗೆ ಬೇಕು, ಹಲಗೆಯವನು ಗುಡಿಯ ಹೊರಗಿರಬೇಕು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸಿನಿಮಾದ ಆ ಹೆಂಗಸರ ಬ್ಯಾಂಡಿನಲ್ಲೋ, ನುಡಿಸುವ ಕೈಗಳೂ ಬಿಳಿಯವೇ. ಹಿಟ್ಲರ್ ಬಂದಾಗ 1933ರಲ್ಲಿ ಬರ್ಲಿನ್ ಬಿಟ್ಟು ಓಡಿಬಂದ ಯಹೂದಿ ಈ ವೈಲ್ಡರ್. ಊರು ಬಿಡಿಸಿಕೊಂಡವನ ಕಣ್ಣಿಗೂ ಇದು ಬೀಳಲಿಲ್ಲವಲ್ಲ ಎನ್ನುವುದೇ ನಮ್ಮ ಸಂಕಟ.

2022ರಲ್ಲಿ ಇದೇ ಕಥೆ ಹೊಸ ಸಂಗೀತ ನಾಟಕವಾಗಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದಾಗ ಜೆರ್ರಿ, ಶುಗರ್ ಇಬ್ಬರನ್ನೂ ಕಪ್ಪು ಕಲಾವಿದರು ಆಡಿದರು. ಅಷ್ಟರಲ್ಲಿ 63 ವರ್ಷ ಕಳೆದಿತ್ತು.

ಸಿನಿಮಾ ನೋಡಿ, ಗೆಳೆಯರೇ. ಮನಸಾರೆ ನಗಿ. ನಕ್ಕಾದ ಮೇಲೆ ಒಂದು ಮಾತು ಕೇಳಿ: ಜೋ ಕದ್ದದ್ದು ಒಂದು ಜೊತೆ ಬಟ್ಟೆ. ಆ ಸಂಗೀತವನ್ನು ಕದ್ದವರು ಯಾರು?