ಡ್ರ್ಯಾಗ್ ಚೀಟಿಯ ಬಡಾಯಿ

ಹವ್ಯಾಸಿ ಡ್ರ್ಯಾಗ್ ರೇಸಿನಲ್ಲಿ ಹೋಂಡಾ ಪಾಳಯಕ್ಕೂ ಫೋಕ್ಸ್‌ವ್ಯಾಗನ್ ಪಾಳಯಕ್ಕೂ ಇರುವ ಜಿದ್ದಿಗೆ ಎಂಜಿನಿಯರಿಂಗ್ ಪರೀಕ್ಷೆಯ ಪಟ್ಟ ಕಟ್ಟಿಬಿಟ್ಟಿದ್ದಾರೆ. ಆ ಪಟ್ಟ ಅದರ ತಲೆಗೆ ದೊಡ್ಡದಾಯಿತು. ವಿಟೆಕ್, ಟಿಎಸ್‌ಐ ಎಂದರೇನೆಂದು ಈ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ತಲೆಮಾರಿನ ಸಿಟಿಯ 1.5 ಲೀಟರ್ ವಿಟೆಕ್, 2013ರಲ್ಲಿ ಬಂದ ಪೋಲೊ ಜಿಟಿಯ 1.2 ಲೀಟರ್ ಟರ್ಬೊ, ಎರಡೂ ಕಾಗದದ ಮೇಲೆ 105 ಅಶ್ವಶಕ್ತಿಯ ಆಸುಪಾಸು. ಜಗಳಕ್ಕೆ ಅಷ್ಟು ಸಾಕು. ಅದನ್ನು ಬಗೆಹರಿಸಲು ಎರಡೂ ಕಡೆಯವರು ಜೇಬಿನಿಂದ ತೆಗೆಯುವುದು 402 ಮೀಟರ್ ಓಟದ ಚೀಟಿ.

ಆ ಚೀಟಿಯನ್ನು ಸರಿಯಾಗಿ ಓದಬೇಕು. ಓಟದ ಗಡಿಯಾರ ಶುರುವಾಗುವುದು ಹಸಿರು ದೀಪ ಹತ್ತಿದಾಗಲ್ಲ, ಮುಂದಿನ ಚಕ್ರ ಗೆರೆಯ ಮೇಲಿನ ಬೆಳಕಿನ ಕಿರಣವನ್ನು ಬಿಟ್ಟು ಕದಲಿದಾಗ. ದೀಪ ಕಂಡ ಮೇಲೆ ಚಾಲಕ ಅರ್ಧ ಸೆಕೆಂಡು ತಡಮಾಡಿದರೂ ಓಟದ ಸಮಯಕ್ಕೆ ಅದು ಸೇರದು. ಹೀಗಾಗಿ ಚೀಟಿಯಲ್ಲಿ ವೇಗವಾಗಿದ್ದ ಕಾರೇ ಪಕ್ಕದ ಲೇನಿಗೆ ಸೋಲಬಹುದು. ಆಗ ಗೆದ್ದವರು ಗೆಲುವನ್ನು ತೋರಿಸುತ್ತಾರೆ, ಸೋತವರು ಚೀಟಿಯನ್ನು ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ! ಇನ್ನು ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಚೆನ್ನೈ ಗಾಳಿಗಿಂತ ಹೆಚ್ಚುಕಡಿಮೆ ಶೇ 8ರಷ್ಟು ತೆಳು. ತಾನಾಗಿ ಎಳೆದಷ್ಟೇ ಗಾಳಿ ಕುಡಿಯುವ ವಿಟೆಕ್‌ನ ಶಕ್ತಿಯೂ ಅಷ್ಟೇ ಇಳಿಯುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ನಷ್ಟದ ಬಹುಪಾಲನ್ನು ಸರಿದೂಗಿಸಿಕೊಳ್ಳುತ್ತದೆ. 700 ಮೀಟರ್ ದಾಟಿದ ಚಿತ್ರದುರ್ಗದಲ್ಲೂ ಇದೇ ಕಥೆ, ತುಸು ಕಡಿಮೆ. ಘಟ್ಟ ಇಳಿದರೆ ಬದಲಾಗುವ ಅಂತರವನ್ನು ಕಂಪನಿಯ ಹಣೆಗೆ ಬರೆಯುವುದು ಹೇಗೆ?

ಜಿಟಿಯಲ್ಲಿ ಗೇರು ಬದಲಿಸುವುದು ಡಿಎಸ್‌ಜಿ, ಚಾಲಕನ ಕೈಚಳಕಕ್ಕೆ ಅಲ್ಲಿ ಜಾಗವೇ ಇಲ್ಲ, ಆದ್ದರಿಂದ ಗೆದ್ದದ್ದು ಕಂಪನಿಯೇ ಎಂಬ ಆಕ್ಷೇಪ ಬರುತ್ತದೆ. ಅರ್ಧ ಒಪ್ಪೋಣ. ಆದರೆ ಸ್ಪರ್ಧೆಗೆ ಇಳಿಯುವ ಜಿಟಿಗಳಲ್ಲಿ ಎಷ್ಟು ಕಾರ್ಖಾನೆಯಿಂದ ಬಂದಂತೆಯೇ ಇರುತ್ತವೆ? ಲ್ಯಾಪ್‌ಟಾಪ್ ಜೋಡಿಸಿ ರೀಮ್ಯಾಪ್ ಮಾಡಿದರೆ ಟರ್ಬೊ ಒತ್ತಡ ಏರುತ್ತದೆ. ವಿಟೆಕ್‌ನವರು ಅಷ್ಟನ್ನು ಪಡೆಯಲು ಎಂಜಿನ್ ಬಿಚ್ಚಬೇಕು. ಬರೀ ಸಿ.ಸಿ. ನೋಡಿ ವರ್ಗ ಮಾಡಿದರೆ ಟರ್ಬೊಗೆ ಪುಕ್ಕಟೆ ಲಾಭ. ಎಫ್‌ಐಎ ರ್‍ಯಾಲಿಗಳಲ್ಲಿ ಟರ್ಬೊ ಎಂಜಿನ್ನಿನ ಸಿ.ಸಿ.ಯನ್ನು 1.7ರಿಂದ ಗುಣಿಸುವ ಕ್ರಮವಿತ್ತು. ಆ ಲೆಕ್ಕದಲ್ಲಿ ಜಿಟಿಯ 1197 ಸಿ.ಸಿ. 2000 ದಾಟುತ್ತದೆ.

ಇದನ್ನೆಲ್ಲ ಕೇಳಿ ಸರ್ಕ್ಯೂಟ್ ಪಂಡಿತರು ಹಿಗ್ಗಬಾರದು. ತಿರುವೇ ಇಲ್ಲದ್ದು ರೇಸೇ ಅಲ್ಲ ಎಂಬ ಅವರ ಮಾತು ಬ್ರ್ಯಾಂಡ್ ಭಕ್ತಿಗಿಂತಲೂ ಟೊಳ್ಳು. ಶ್ರೀರಾಂಪುರ, ಹೊಸದುರ್ಗದ ಕಡೆಯ ಓದುಗರಿಗೆ ಎತ್ತಿನಗಾಡಿ ಓಟ ಗೊತ್ತು. ನೆಟ್ಟಗಿನ ಓಟವೆಂದು ಅದನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಹಳ್ಳಿಕಾರ್ ಗೆದ್ದಿತು ಎಂದಷ್ಟೇ ಹೇಳಿ ಮಾತು ಮುಗಿಸುವುದೂ ಇಲ್ಲ. ಎತ್ತು ಯಾರದು, ಮೇಯಿಸಿದವರಾರು, ಗಾಡಿ ಹೊಡೆದವರಾರು ಎಂದು ಕೇಳುತ್ತಾರೆ. ಕಾರಿನ ಅಭಿಮಾನಿಗಳು ಮರೆತ ಪ್ರಶ್ನೆಗಳಿವು. ಮೆಕ್ಯಾನಿಕ್ಕಿನ ಹೆಸರು ಅವರ ಬಾಯಲ್ಲಿ ಬರುವುದೇ ಅಪರೂಪ. ಇನ್ನು ಹಿರಿಯೂರು–ಚಿತ್ರದುರ್ಗ ಹೆದ್ದಾರಿಯಲ್ಲೇ ತೀರ್ಮಾನಿಸಿಕೊಳ್ಳುತ್ತೇವೆ ಎನ್ನುವವರಿಗೆ ಸಿಗುವ ಚೀಟಿ ಬೇರೆ: ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್, ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.